ಅಟ್ಟಕ್ಕೆ ಹಾಕಿದ ಷೇರು

ಜನರನ್ನು ಕೀಳಾಗಿ ಕಾಣುವ ಚಟ ನನಗೆ ಅಂಟಿಕೊಂಡದ್ದು ನಮ್ಮ ಮನೆಯ ಜಗಲಿಯಿಂದ. ಅದು ಹುಟ್ಟುಗುಣ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಆ ಕಾಲದ ಜಗಲಿಯನ್ನು ನೋಡಿದವರಲ್ಲ. ತಿಪಟೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು ನಮ್ಮದು. ನಾಡಹೆಂಚಿನ ಮನೆ. ಮುಂದೆ ಕಲ್ಲುಚಪ್ಪಡಿ ಹಾಸಿದ ಜಗಲಿ, ಒಳಗೆ ಪಡಸಾಲೆ, ಅದರ ಪಕ್ಕಕ್ಕೆ ದನದ ಕೊಟ್ಟಿಗೆ, ಹಿಂದೆ ಅಡುಗೆಮನೆ, ಇವೆಲ್ಲದರ ನೆತ್ತಿಯ ಮೇಲೆ ಉದ್ದಕ್ಕೂ ಕೊಬ್ಬರಿ ಅಟ್ಟ. ಜಗಲಿ ಗಂಡಸರದು. ಉಳಿದದ್ದೆಲ್ಲ ಅವ್ವನದು, ಅಂದರೆ ಕೆಲಸ ಇದ್ದ ಜಾಗವೆಲ್ಲ ಅವ್ವನದು. ಸಾಯಂಕಾಲ ದನ ಕಟ್ಟುವ ಹೊತ್ತಿಗೆ ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಎದುರಿಗೆ ಊರಿನ ಪ್ರೈಮರಿ ಶಾಲೆಯ ಮೇಷ್ಟ್ರು, ಪಕ್ಕದಲ್ಲಿ ದಲಾಲಿ ಪರಮಣ್ಣ. ಪರಮಣ್ಣ ನಮ್ಮ ಬೀದಿಯವನೇ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಕುದುರಿಸಿ ಎರಡೂ ಕಡೆಯಿಂದ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದವನು. ಅವ್ವ ಮೂವರಿಗೂ ಬೆಲ್ಲದ ಕಾಫಿ ಕಾಸುತ್ತಿದ್ದಳು, ನಾನು ತಂದು ಇಡುತ್ತಿದ್ದೆ. ಲೋಟ ಇಟ್ಟವಳು ಬಾಗಿಲ ಮರೆಯಲ್ಲಿ ನಿಂತು ಅವರ ಮಾತು ಕೇಳಿ ಒಳಗೊಳಗೇ ನಗುತ್ತಿದ್ದೆ. ತಿಪಟೂರಿನ ಹೈಸ್ಕೂಲಿನಲ್ಲಿ ಓದುತ್ತಿದ್ದೆನಲ್ಲ, ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು ಬರುತ್ತಿದ್ದೆನಲ್ಲ, ನನಗೆ ನೆಲ ಕಾಣುತ್ತಿರಲಿಲ್ಲ.

ಜಗಲಿಯಲ್ಲಿ ಮೊದಲೆಲ್ಲ ಬದುವಿನ ಜಗಳ, ಚುನಾವಣೆ, ಯಾರ ಮಗಳು ಯಾರ ಸೊಸೆ, ಇವೇ ಮಾತು. ಎಂಬತ್ತರ ದಶಕದ ನಡುವೆ ಒಂದು ವರ್ಷ ಇದ್ದಕ್ಕಿದ್ದ ಹಾಗೆ ಷೇರು ಶುರುವಾಯಿತು. ಪೇಟೆಯ ಬ್ಯಾಂಕುಗಳ ಮುಂದೆ ಕಂಪನಿಗಳ ಅರ್ಜಿ ಫಾರಂಗಳನ್ನು ಪುಕ್ಕಟೆ ರಾಶಿ ಹಾಕುತ್ತಿದ್ದ ಕಾಲ. ಪರಮಣ್ಣ ಅವನ್ನು ಕಂತೆ ಕಟ್ಟಿ ತಂದು ಜಗಲಿಯ ಮೇಲೆ ಹರಡುತ್ತಿದ್ದ, ಬಿಳಿ, ಹಳದಿ, ಗುಲಾಬಿ. ಒಂದೊಂದರ ಮೂಲೆಯಲ್ಲೂ ನೀಲಿ ಶಾಯಿಯ ಸಣ್ಣ ಮೊಹರು. ಆ ಮೊಹರು ಇದ್ದ ಫಾರಂ ಭರ್ತಿಯಾಗಿ ಹೋದರೆ ಅವನಿಗೆ ಇಷ್ಟು ಎಂದು ಕಮಿಷನ್ ಬರುತ್ತಿತ್ತು ಎಂಬುದು ಜಗಲಿಗೆ ಕಡೆಯವರೆಗೂ ತಿಳಿಯಲಿಲ್ಲ. ಅಪ್ಪ ಫಾರಂ ಆರಿಸುವ ರೀತಿ ನೋಡಬೇಕಿತ್ತು. ಮೊದಲು ಕಾಗದವನ್ನು ಅಂಗೈಯ ಮೇಲೆ ಇಟ್ಟು ತೂಗುತ್ತಿದ್ದ. ತೆಳ್ಳಗಿದ್ದರೆ ಕಂಪನಿ ಪೊಳ್ಳು. ಆಮೇಲೆ ಹೆಸರು. ದೇವರ ಹೆಸರಿದ್ದರೆ ಒಳ್ಳೆಯದು, ಅದರಲ್ಲೂ ಶಿವನ ಹೆಸರಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಚಿತ್ರ. ಬಣ್ಣ ತಯಾರಿಸುವ ಒಂದು ಕಂಪನಿಯನ್ನು ಅವನು ಬೇಡವೆಂದದ್ದು ಏಕೆಂದರೆ ಜಾಹೀರಾತಿನ ಫ್ಯಾಕ್ಟರಿಯ ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಒಲೆ ಹತ್ತದ ಮನೆಗೆ ಯಾರಾದರೂ ಹೆಣ್ಣು ಕೊಡುತ್ತಾರೆಯೇ ಎಂದು ಕೇಳಿದ. ಮಿಕ್ಕ ಇಬ್ಬರೂ ತಲೆದೂಗಿದರು.

ಮೇಷ್ಟ್ರ ಪಾಲಿನ ಕೆಲಸ ಇಂಗ್ಲಿಷ್. ಅವರಿಗೆ ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ, ಧೈರ್ಯ ಬೇಕಾದಷ್ಟಿತ್ತು. ಷೇರಿನ ಮುಖಬೆಲೆಯ ಮೇಲೆ ಹೆಚ್ಚಿಗೆ ಕೇಳುವ ದುಡ್ಡಾದ ಪ್ರೀಮಿಯಂ ಎಂದರೆ ಒಂದನೇ ನಂಬರ್ ಮಾಲು ಎಂದರು. ಷೇರುಪೇಟೆಯಲ್ಲಿ ಗೂಳಿ, ಕರಡಿ ಎಂದು ಎರಡು ಪಂಗಡ ಇದೆ ಎಂದು ಪೇಪರಿನಲ್ಲಿ ಓದಿ ಹೇಳಿದಾಗ ಅಪ್ಪನಿಗೆ ತುಂಬ ಖುಷಿಯಾಯಿತು.

"ಗೂಳಿ ಅಂದ್ರೆ ಬಸವಣ್ಣ ಕಣ್ರೀ ಮೇಷ್ಟ್ರೇ. ನಮ್ಮೋನೆ."

ಮೇಷ್ಟ್ರ ಭಾವಮೈದುನ ಅಂಚೆ ಕಛೇರಿಯಲ್ಲಿದ್ದ. ಅವನು ಸರ್ಕಾರವೇ ನಡೆಸುವ ಯಾವುದೋ ಫಂಡಿನಲ್ಲಿ ಯೂನಿಟ್ಟು ಕೊಂಡು ವರ್ಷ ವರ್ಷ ಅಷ್ಟಿಷ್ಟು ಪಡೆಯುತ್ತಿದ್ದನಂತೆ. ಅದು ಕಾಯಿಲೆಯವರ ಗಂಜಿ ಎಂದು ಅಪ್ಪ ತಳ್ಳಿಹಾಕಿದ. ಗಂಡಸಾದವನು ಉಣ್ಣುವುದು ಮುದ್ದೆ. ಹೀಗೆ ಮೂರು ವಾರ ತೂಗಿ, ಮೂಸಿ, ಮುಟ್ಟಿ ಮೂವರೂ ಒಂದು ಸಿಮೆಂಟ್ ಕಂಪನಿಯ ಮೇಲೆ ಕೈ ಇಟ್ಟರು. ಕಾಗದ ದಪ್ಪಗಿತ್ತು, ಹೆಸರಿನಲ್ಲಿ ಶಿವನಿದ್ದ, ಚಿಮಣಿಯಲ್ಲಿ ಹೊಗೆ ಧಾರಾಳವಾಗಿತ್ತು. ಎಲ್ಲಕ್ಕಿಂತ ದೊಡ್ಡ ಕಾರಣವನ್ನು ಅಪ್ಪ ಕಡೆಗೆ ಹೇಳಿದ: ಕೊಬ್ಬರಿಗಾದರೆ ಹುಳ ಬೀಳುತ್ತದೆ, ಕೌಟು ವಾಸನೆ ಹಿಡಿಯುತ್ತದೆ, ಸಿಮೆಂಟು ಕೆಡುವ ವಸ್ತುವಲ್ಲ. ಅವ್ವ ಬಾಗಿಲ ಒಳಗಿನಿಂದಲೇ ಒಂದು ಮಾತು ಆಡಿದಳು.

"ಕೊಟ್ಟಿಗೆ ಮೂಲೇಲಿರೋ ಸಿಮೆಂಟ್ ಚೀಲ ಕಲ್ಲಾಗಿ ಕೂತೈತೆ. ಒಸಿ ಎದ್ದು ನೋಡಿ."

ಯಾರೂ ಎದ್ದು ನೋಡಲಿಲ್ಲ.

ಅವ್ವ ಸುಮ್ಮನೆ ಬಾಯಿ ಹಾಕಿದ್ದಲ್ಲ, ಅಪ್ಪ ಸಿಮೆಂಟಿಗೆ ಹಾಕಲು ಹೊರಟದ್ದು ಅವ್ವನ ದುಡ್ಡು. ಅವಳ ತವರು ತುರುವೇಕೆರೆ ಕಡೆ. ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಅವಳ ಹೆಸರಿಗೆ ಐವತ್ತು ತೆಂಗಿನ ಮರ ಬಿಟ್ಟಿದ್ದರು. ಆ ಮರಗಳ ಕಾಯಿ ವರ್ಷಕ್ಕೊಮ್ಮೆ ಗಾಡಿಯಲ್ಲಿ ಬಂದು ನಮ್ಮ ಅಟ್ಟದಲ್ಲಿ ಬಿದಿರು ತಟ್ಟಿಯ ಆಚೆ ಬೇರೆಯಾಗಿ ಬೀಳುತ್ತಿತ್ತು. ಮೂರು ವರ್ಷದ ಆ ಕೊಬ್ಬರಿಯ ದುಡ್ಡನ್ನು ಅವಳು ಕೂಡಿಟ್ಟದ್ದು ಒಂದು ಹಿಟ್ಟಿನ ಮಿಲ್ಲಿಗೆ. ನಮ್ಮೂರಲ್ಲಿ ಮಿಲ್ಲಿರಲಿಲ್ಲ. ಹೆಂಗಸರು ರಾಗಿಯ ಗಂಟು ಹೊತ್ತು ಮೂರು ಮೈಲಿ ನಡೆದು, ಅಲ್ಲಿ ಕರೆಂಟು ಬರುವವರೆಗೆ ಕಾದು, ಮಧ್ಯಾಹ್ನ ಕಳೆದು ಬರುತ್ತಿದ್ದರು. ಅವ್ವ ಊರಿನ ಮನೆ ಮನೆ ಕೇಳಿ ಯಾರು ವಾರಕ್ಕೆ ಎಷ್ಟು ಸೇರು ಬೀಸಿಸುತ್ತಾರೆ ಎಂದು ತಲೆಯಲ್ಲಿ ಇಟ್ಟುಕೊಂಡಿದ್ದಳು. ಹೊಂಗೆಮರದ ಪಕ್ಕದ ಖಾಲಿ ಕೋಣೆಯನ್ನು ಬಾಡಿಗೆಗೆ ಕೇಳಿದ್ದಳು, ಮೋಟಾರಿಗೆ ಬೇಕಾದ ಲೈನು ಅದರ ಬಾಗಿಲಲ್ಲೇ ಹಾದುಹೋಗುತ್ತದೆ ಎಂದು. ತಿಪಟೂರಿನ ಮಿಷಿನ್ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗಿ, ಬೀಸುವ ಕಲ್ಲು ಎಷ್ಟು ದಿನಕ್ಕೆ ಸವೆಯುತ್ತದೆ, ಬೆಲ್ಟು ಹರಿದರೆ ಯಾರು ಬರುತ್ತಾರೆ, ಈಗಾಗಲೇ ಕೊಂಡವರು ಯಾವ ಊರಿನವರು ಎಂದೆಲ್ಲ ಕೇಳಿದ್ದಳು. ಅಂಗಡಿಯವನು ಎದ್ದು ನಿಂತು ಉತ್ತರ ಹೇಳಿದ್ದ. ಆ ಮೂರು ವಾರ ನಮ್ಮ ಮನೆಯಲ್ಲಿ ದುಡ್ಡು ಹೂಡುವ ಬುದ್ಧಿ ಇದ್ದದ್ದು ಒಂದೇ ತಲೆಯಲ್ಲಿ, ಆ ತಲೆ ಜಗಲಿಗೆ ಬರುವ ಹಾಗಿರಲಿಲ್ಲ.

ದುಡ್ಡು ಪಡಸಾಲೆಯ ಮರದ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ಅಪ್ಪನ ಉಡುದಾರದಲ್ಲಿತ್ತು. ಅವನು ಕೇಳಿ ತೆಗೆದುಕೊಳ್ಳಲಿಲ್ಲ, ತೆಗೆದುಕೊಂಡು ಹೇಳಿದ. ಒಂದು ವರ್ಷ ತಡೆದರೆ ಒಂದು ಮಿಲ್ಲಿನ ದುಡ್ಡು ಎರಡು ಮಿಲ್ಲಿನ ದುಡ್ಡಾಗುತ್ತದೆ ಎಂದ. ಅವ್ವ ಕೂಗಾಡಲಿಲ್ಲ. ಮೂರು ದಿನ ನಮ್ಮ ಮನೆಯ ಸಾರಿಗೆ ಕಾಯಿ ಬೀಳಲಿಲ್ಲ. ಅಟ್ಟದ ತುಂಬ ತೆಂಗಿನಕಾಯಿ ಇಟ್ಟುಕೊಂಡು ಹುರುಳಿಸಾರನ್ನು ನೀರಿನ ಹಾಗೆ ಬಡಿಸಿದರೆ ನಮ್ಮ ಸೀಮೆಯ ಗಂಡಸಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಪ್ಪ ಮುದ್ದೆ ಮುರಿದು, ಅದ್ದಿ, ನುಂಗಿ, ಕೈ ತೊಳೆದು ಎದ್ದು ಹೋದ. ನಾಲ್ಕನೆಯ ದಿನ ಅವ್ವ ಸೋತಳು, ಕಾಯಿ ತುರಿದಳು. ನಾನಾಗಿದ್ದರೆ ಸೋಲುತ್ತಿರಲಿಲ್ಲ ಎಂದುಕೊಂಡು ಅವಳನ್ನೂ ಒಂದಿಷ್ಟು ಕೀಳಾಗಿ ಕಂಡೆ.

ನಮ್ಮ ಕಡೆಯವರಲ್ಲದವರಿಗೆ ಅಟ್ಟದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಸುರಿದು ಹತ್ತು ಹನ್ನೆರಡು ತಿಂಗಳು ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಲೊಟಗುಟ್ಟಿದರೆ ಕಾಯಿ ಆಯಿತು ಎಂದರ್ಥ. ಅಲ್ಲಿಯವರೆಗೆ ಅದನ್ನು ಕೆದಕಬಾರದು, ಮಗುಚಬಾರದು. ಕೈ ಹಾಕಿದ ಕಾಯಿ ಕೆಡುತ್ತದೆ. ಇದು ಕೊಬ್ಬರಿಗೆ ಸರಿಯಾದ ಮಾತು. ಅಪ್ಪ ಇದನ್ನು ಲೋಕಕ್ಕೆಲ್ಲ ಸರಿಯಾದ ಮಾತು ಎಂದು ನಂಬಿದ್ದ. ಷೇರು ಮಂಜೂರಾದ ಕಾಗದ ಬಂದ ಸೋಮವಾರ ಅದನ್ನು ದೇವರ ಮುಂದಿಟ್ಟು, ಮೂರು ಗೆರೆ ವಿಭೂತಿ ಎಳೆದು, ಕೆಂಪು ಬಟ್ಟೆಯಲ್ಲಿ ಸುತ್ತಿ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದ. ಏಣಿ ಹತ್ತಲು ನಾನೇ ಹಗುರ ಎಂದು ನನ್ನ ಕೈಯಿಂದಲೇ ಅದನ್ನು ಅಟ್ಟಕ್ಕೆ ಏರಿಸಿದ, ಅವ್ವನ ಕಾಯಿಯ ರಾಶಿಯ ಪಕ್ಕಕ್ಕೆ. ಕೆಳಗಿನಿಂದ ಮುಖ ಎತ್ತಿ ಹೇಳಿದ.

"ಒಂದು ವರ್ಸ ಅದರ ತಂಟೆಗೆ ಹೋಗ್ಬ್ಯಾಡ ಕಣವ್ವ. ಅಟ್ಟಕ್ಕೆ ಹಾಕಿದ್ದನ್ನ ಮುಟ್ಟಬಾರ್ದು."

ಆದರೆ ಆ ಕಂಪನಿ ಷೇರಿನ ಬೆಲೆಯ ಅರ್ಧವನ್ನಷ್ಟೇ ಮೊದಲು ಕೇಳಿತ್ತು. ಉಳಿದರ್ಧವನ್ನು ಅವರು ಕೇಳಿದಾಗ ಕಟ್ಟಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಕಾಲ್ ಎನ್ನುತ್ತಾರೆ. ಮೇಷ್ಟ್ರು ಫಾರಂ ಓದುತ್ತ ಆ ಸಾಲಿಗೆ ಬಂದಾಗ, ಕಾಲ್ ಎಂದರೆ ಕರೆ, ಬ್ಯಾಲೆನ್ಸ್ ಎಂದರೆ ಬಾಕಿ, ಕರೆದಾಗ ಬಾಕಿ ಎಂದು ಬರೆದಿದೆ ಎಂದಿದ್ದರು. ಅಪ್ಪನಿಗೆ ಅದು ಸ್ಪಷ್ಟವಾಗಿ ಅರ್ಥವಾಯಿತು: ಕಂಪನಿಯವರು ಒಂದು ದಿನ ನಮ್ಮನ್ನು ಕರೆಯುತ್ತಾರೆ, ಕರೆದು ನಮ್ಮ ಬಾಕಿ ಕೊಡುತ್ತಾರೆ. ಮದುವೆಗೆ ಕರೆಯುವ ಹಾಗೆ ಮನೆ ಬಾಗಿಲಿಗೆ ಬಂದು ಕರೆಯುತ್ತಾರೋ, ತಂತಿ ಕಳಿಸುತ್ತಾರೋ ಎಂಬುದಷ್ಟೇ ಅವನ ಅನುಮಾನವಾಗಿತ್ತು. ಕಂಪನಿಯ ಆಫೀಸಿದ್ದ ಬೊಂಬಾಯಿಗೇ ಹೋಗಬೇಕಾಗಿ ಬಂದರೆ ಎಂದು ಒಂದು ಕೋಟು ಹೊಲಿಸಿಕೊಂಡ. ಮಿಲ್ಲಿನ ಮಾತು ಎತ್ತಿದರೆ ಅವ್ವನಿಗೆ ಒಂದೇ ಉತ್ತರ.

"ಕರೀತಾರೆ ತಾಳು ಕಣೇ. ಕಾಯಿ ಆದ್ಮೇಲೆ ಅವರೇ ಕರೀತಾರೆ."

ಕರೆ ಬಂತು. ಬೇಸಿಗೆ ರಜೆಯಲ್ಲಿ ಅಂಚೆಯವನು ಕಂಪನಿಯ ಹೆಸರಿದ್ದ ಉದ್ದನೆಯ ಲಕೋಟೆ ತಂದುಕೊಟ್ಟ. ಅಪ್ಪ ಅದನ್ನು ಅಂಗೈಯಲ್ಲಿ ತೂಗಿದ, ತೆಳ್ಳಗಿದೆ, ಬರೀ ಕಾಗದ ಎಂದ, ಒಡೆಯದೆ ನನ್ನ ಕೈಗೆ ಕೊಟ್ಟು ಡಬ್ಬಿಗೆ ಹಾಕಲು ಹೇಳಿದ. ನಾನು ಏಣಿ ಹತ್ತಿದೆ. ಹೆಂಚಿನ ಸಂದಿಯಿಂದ ಬೆಳಕು ಬೀಳುವಲ್ಲಿ ಕಾಯಿಗಳ ಮೇಲೆ ಕೂತು ಹೇರ್‌ಪಿನ್ನಿನಿಂದ ಲಕೋಟೆಯ ಅಂಟು ಬಿಡಿಸಿ ಓದಿದೆ. ಇಂತಿಷ್ಟು ದುಡ್ಡನ್ನು ಇಂಥ ತಾರೀಖಿನೊಳಗೆ ಕಟ್ಟಬೇಕು. ತಪ್ಪಿದರೆ ಷೇರುಗಳು ಏನೋ ಆಗುತ್ತವೆ ಎಂದಿತ್ತು, ಆ ಒಂದು ಪದ ಗೊತ್ತಾಗಲಿಲ್ಲ. ಕೆಳಗಿಳಿದು ಡಿಕ್ಷನರಿ ತೆಗೆದೆ. ಮುಟ್ಟುಗೋಲು ಎಂದಿತ್ತು. ಆಗ ನನಗೆ ಏನನ್ನಿಸಿತು ಎಂಬುದನ್ನು ಇಷ್ಟು ವರ್ಷದ ಮೇಲೆ ಮುಚ್ಚಿಟ್ಟು ಪ್ರಯೋಜನವಿಲ್ಲ. ಸಂತೋಷವಾಯಿತು. ಕಾಗದ ತೂಗಿ ಕಂಪನಿ ಆರಿಸಿದ ಅಪ್ಪ, ಬಾರದ ಇಂಗ್ಲಿಷನ್ನು ಬರುತ್ತದೆ ಎಂದು ಮೆರೆದ ಮೇಷ್ಟ್ರು, ಮೊಹರಿನ ಪರಮಣ್ಣ, ಮೂವರೂ ಒಂದು ದಿನ ಅದೇ ಜಗಲಿಯ ಮೇಲೆ ಮುಖ ಮುಖ ನೋಡಿಕೊಂಡು ಕೂರುವುದು ನನ್ನ ಕಣ್ಣಿಗೆ ಕಟ್ಟಿತು. ಹೇಳಿದರೆ ಅಪ್ಪ ಕೇಳುತ್ತಿದ್ದನೋ ಇಲ್ಲವೋ. ಹೆಣ್ಣುಹುಡುಗಿಗೆ ಏನು ಗೊತ್ತು ಎನ್ನುತ್ತಿದ್ದ, ಮೇಷ್ಟ್ರನ್ನು ಕೇಳೋಣ ಎನ್ನುತ್ತಿದ್ದ. ಹಾಗೆಂದು ನನಗೆ ನಾನೇ ಬಹಳ ಕಾಲ ಹೇಳಿಕೊಂಡೆ. ನಾಲ್ಕು ಅಗುಳು ಅನ್ನ ಹಚ್ಚಿ ಲಕೋಟೆಯನ್ನು ಮತ್ತೆ ಅಂಟಿಸಿ ಡಬ್ಬಿಗೆ ಹಾಕಿದೆ. ಆಮೇಲೆ ಎರಡು ತಿಂಗಳಿಗೊಂದು, ಅದಾದ ಮೇಲೆ ಇನ್ನೊಂದು ಲಕೋಟೆ ಬಂತು. ಅವನ್ನು ಒಡೆಯುವ ಅಗತ್ಯವೇ ನನಗಿರಲಿಲ್ಲ. ನಾನೇ ಕೈಯಾರೆ ಅಟ್ಟಕ್ಕೆ ಏರಿಸಿದೆ. ಆ ದುಡ್ಡು ಅವ್ವನದು ಎಂಬುದು ನೆನಪಿರಲಿಲ್ಲ ಎಂದರೆ ಸುಳ್ಳಾದೀತು. ನೆನಪಿತ್ತು. ಆದರೆ ಅಪ್ಪ ಪೆಚ್ಚಾಗುವುದನ್ನು ನೋಡುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ವರ್ಷ ತುಂಬುವ ಹೊತ್ತಿಗೆ ಒಂದು ಸಾಯಂಕಾಲ ಮೇಷ್ಟ್ರು ಕಾಫಿ ಕುಡಿಯುತ್ತ, ತಾವು ಎರಡನೆಯ ಕಂತು ಕಟ್ಟಿದ್ದಕ್ಕೆ ರಸೀದಿ ಬಂದಿದೆ ಎಂದರು. ಯಾವ ಕಂತು ಎಂದು ಅಪ್ಪ ಕೇಳಿದ. ಕಂಪನಿಯ ಕಾಗದ ಬಂದಾಗ ಮೇಷ್ಟ್ರು ಅದನ್ನು ಬ್ಯಾಂಕಿನಲ್ಲಿ ತೋರಿಸಿ ಅರ್ಥ ಕೇಳಿಕೊಂಡು, ಸದ್ದಿಲ್ಲದೆ ದುಡ್ಡು ಕಟ್ಟಿ ಬಂದಿದ್ದರು. ತಮ್ಮ ಇಂಗ್ಲಿಷ್ ತಪ್ಪಾಗಿತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತದೆ ಎಂದು ಜಗಲಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಪರಮಣ್ಣ ಏನೂ ಕಟ್ಟಿರಲಿಲ್ಲ, ಏಕೆಂದರೆ ಅವನು ಒಂದು ಷೇರನ್ನೂ ಕೊಂಡಿರಲಿಲ್ಲ. ಅಪ್ಪ ಕಾಫಿ ಲೋಟ ಕೆಳಗಿಟ್ಟ. ಆಮೇಲೆ ತಾನೇ ಏಣಿ ಹತ್ತಿ ಡಬ್ಬಿ ಇಳಿಸಿಕೊಂಡು ಬಂದು ಜಗಲಿಯ ಮೇಲೆ ಮೂರು ಲಕೋಟೆಯನ್ನೂ ಸುರಿದ. ಮೂರನೆಯದರಲ್ಲಿ ಎಲ್ಲ ಮುಗಿದ ಸುದ್ದಿ ಇತ್ತು, ಮೇಷ್ಟ್ರು ಈ ಸಲ ಸರಿಯಾಗಿ ಅರ್ಥ ಹೇಳಿದರು. ನಾನು ಬಾಗಿಲ ಮರೆಯಲ್ಲೇ ಇದ್ದೆ. ವರ್ಷವೆಲ್ಲ ಕಾದ ನೋಟ ಅದು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಆ ಷೇರಿನ ಕಾಗದದ ಮೇಲಿದ್ದ ವಿಭೂತಿಯನ್ನು ಮೆಲ್ಲಗೆ ಒರೆಸುತ್ತಿದ್ದ, ಅದನ್ನು ಒರೆಸಿದರೆ ಏನೋ ಸರಿಹೋಗುತ್ತದೆ ಎನ್ನುವ ಹಾಗೆ. ನನಗೆ ನಗು ಬರಲಿಲ್ಲ. ಬರಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

"ತಪ್ಪಾಯ್ತು ಕಣೇ," ಎಂದ ಅಪ್ಪ, ಒಳಗಿದ್ದ ಅವ್ವನಿಗೆ ಕೇಳುವ ಹಾಗೆ, ಆ ಇಬ್ಬರ ಎದುರಿಗೇ.

ಅವನು ಅಷ್ಟು ದೊಡ್ಡ ಮನಸ್ಸು ಮಾಡುತ್ತಾನೆಂದು ನಾನು ಎಣಿಸಿರಲಿಲ್ಲ. ಮೂರ್ಖ ಎಂದು ಗೆರೆ ಹೊಡೆದು ಇಟ್ಟಿದ್ದ ಮನುಷ್ಯ ಆ ಗೆರೆಯ ಆಚೆ ಹೋದದ್ದು ನನಗೆ ಸಿಟ್ಟು ತರಿಸಿತು. ಅವರೆಲ್ಲ ಎದ್ದು ಹೋದ ಮೇಲೆ ಅವ್ವ ಹೊರಗೆ ಬಂದು ಕಾಗದಗಳನ್ನು ಒಟ್ಟು ಮಾಡಿಕೊಂಡಳು. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಒಂದೊಂದನ್ನೇ ಬೆಂಕಿಗೆ ಹಾಕುತ್ತಿದ್ದವಳು ಮೊದಲ ಲಕೋಟೆಯ ಹತ್ತಿರ ಕೈ ತಡೆದಳು. ಅದರ ಅಂಚಿನಲ್ಲಿ ಒಣಗಿ ಕಲ್ಲಾಗಿದ್ದ ಅಗುಳನ್ನು ಉಗುರಿನಿಂದ ಎಬ್ಬಿಸಿ ನೋಡಿದಳು.

"ಇದು ನಮ್ಮನೆ ಅನ್ನ," ಎಂದಳು.

ಆ ಅಗುಳನ್ನು ನನ್ನ ಮುಂದೆ ಹಿಡಿದಳು.

"ಓದಿದ್ಯೇನವ್ವ?"

"ಹೂಂ."

"ಆಮೇಲಿನವು ಬಂದಾಗ್ಲೂ ಗೊತ್ತಿತ್ತಾ?"

"ಹೂಂ."

ಅವ್ವ ಲಕೋಟೆಯನ್ನು ಒಲೆಗೆ ಹಾಕಿದಳು. ಅದು ಪೂರ್ತಿ ಉರಿಯುವವರೆಗೂ ಅದನ್ನೇ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ.

"ಅವರಿಗೆ ಓದಕ್ಕೆ ಬತ್ತಿರ್ಲಿಲ್ಲ," ಎಂದಳು. "ನಿಂಗೆ ಬತ್ತಿತ್ತು."

ಅಷ್ಟೇ. ಅಪ್ಪನಿಗೆ ಅವಳು ಯಾವತ್ತೂ ಹೇಳಲಿಲ್ಲ. ಅಪ್ಪ ಸಾಯುವವರೆಗೂ ತನ್ನ ದಡ್ಡತನದಿಂದಲೇ ಅವಳ ದುಡ್ಡು ಹೋಯಿತೆಂದು ತಿಳಿದು, ಮನೆಗೆ ಬಂದ ಕಾಗದವನ್ನೆಲ್ಲ, ಮದುವೆಯಾದ ಮೇಲೆ ನಾನು ತವರಿಗೆ ಹೋದಾಗಲೂ, ನನ್ನ ಕೈಗೆ ಕೊಟ್ಟು ಓದಿಸುತ್ತಿದ್ದ. ನನ್ನ ಮಗಳಿಗೆ ಇಂಗ್ಲಿಷ್ ಗೊತ್ತು, ಅವತ್ತೇ ಇವಳನ್ನು ಕೇಳಿದ್ದರೆ ಎಂದು ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದ. ಪ್ರತಿ ಸಲವೂ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅಪ್ಪನನ್ನು, ಮೇಷ್ಟ್ರನ್ನು, ಪರಮಣ್ಣನನ್ನು ತೂಗಿ ನೋಡಿದ ತಕ್ಕಡಿಯಲ್ಲಿ ನನ್ನನ್ನು ನಾನು ಕೂರಿಸಿಕೊಂಡದ್ದು ಆ ದಿನಗಳಲ್ಲೇ. ಆ ಮೂವರಿಗೂ ಕೆಳಗೆ ನಿಂತೆ. ಅವರು ದುಡ್ಡಿನ ಆಸೆಗೆ ತಪ್ಪು ಮಾಡಿದರು, ನಾನು ಮಾಡಿದ್ದು ಬರೀ ಮೋಜಿಗೆ.

ಮಾರನೆಯ ವರ್ಷ ನಮ್ಮೂರಿಗೆ ಹಿಟ್ಟಿನ ಮಿಲ್ಲು ಬಂತು. ಹಾಕಿದವನು ಪರಮಣ್ಣ. ಹೊಂಗೆಮರದ ಪಕ್ಕದ ಕೋಣೆ, ಬಾಗಿಲಲ್ಲೇ ಕರೆಂಟ್ ಲೈನು, ತಿಪಟೂರಿನ ಅದೇ ಅಂಗಡಿಯ ಮಿಷಿನ್ನು. ಅವ್ವನ ಲೆಕ್ಕಾಚಾರವನ್ನೆಲ್ಲ ಅಪ್ಪ ಜಗಲಿಯಲ್ಲಿ ತಮಾಷೆಗೆ ಹೇಳಿದ್ದನ್ನು ಅವನು ಒಂದನ್ನೂ ಮರೆತಿರಲಿಲ್ಲ. ಬೆಳಿಗ್ಗೆಯಿಂದಲೇ ಅಲ್ಲಿ ಹೆಂಗಸರ ಸಾಲು ಇರುತ್ತಿತ್ತು. ನಾನು ಮದುವೆಯಾಗಿ ಊರು ಬಿಡುವವರೆಗೆ ಅವ್ವ ಒಂದು ದಿನವೂ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ರಾಗಿಯನ್ನು ತಾನೇ ಕೇರಿ, ಕಲ್ಲು ಆರಿಸಿ, ಚೀಲದ ಬಾಯಿ ಕಟ್ಟಿ, ಪ್ರತಿ ಸೋಮವಾರ ನನ್ನ ತಲೆಯ ಮೇಲೆ ಹೊರಿಸಿ ನನ್ನನ್ನೇ ಅಲ್ಲಿಗೆ ಕಳಿಸುತ್ತಿದ್ದಳು.